ಫೋನ್ ಇಡು, ನಾನೇ ಮಾಡ್ತೀನಿ

ಮೇಡಂ ತೀರಿಕೊಂಡ ಸುದ್ದಿ ನನಗೆ ಬಂದದ್ದು ಗೊತ್ತಿಲ್ಲದ ನಂಬರಿನಿಂದ. ಸೋಮವಾರ, ಬೆಳಗಿನ ಪಾಳಿ ಮುಗಿಯುವ ಹೊತ್ತು. ಆ ಕಡೆಯ ಗಂಡಸು, ಚಳ್ಳಕೆರೆಯಿಂದ ಮಾತಾಡುತ್ತಿದ್ದೇನೆ, ಮೇಡಂ ಬೆಳಿಗ್ಗೆ ಹೋಗಿಬಿಟ್ಟರು, ಮಣ್ಣು ಸಂಜೆಗೆ ಎಂದರು. ನಾನು ಅಳಲಿಲ್ಲ. ಏನಾಗಿತ್ತು ಎಂದೂ ಕೇಳಲಿಲ್ಲ. "ಫೋನ್ ಇಡ್ರಿ, ನಾನೇ ಮಾಡ್ತೀನಿ" ಎಂದು ಕತ್ತರಿಸಿ, ಮೇಡಂ ನಂಬರನ್ನು ಒತ್ತಿದೆ. ಎತ್ತಿದ್ದು ಅದೇ ಗಂಡಸು, ಅವರ ತಮ್ಮ.

"ನೀನು ಅಕ್ಕನ ಆಫೀಸಿನ ಹುಡುಗಿ ಅಲ್ಲೇನವ್ವ? ಹಿಂಗೇ ಮಾಡ್ತೀಯ ಅಂತ ಗೊತ್ತಿತ್ತು. ಅದಕ್ಕೇ ಅವಳ ಫೋನ್ ಕೈಯಾಗೇ ಇಟ್ಕೊಂಡಿದ್ದೆ."

ಆಗ ಅಳು ಬಂತು.

ನಾನು ಮೊಳಕಾಲ್ಮೂರಿನ ಮಗ್ಗದ ಮನೆಯವಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಎಳೆ ಎಣಿಸುವವರ ನಡುವೆ ಬೆಳೆದದ್ದಕ್ಕೋ ಏನೋ, ದಿನಕ್ಕೊಂದು ಪುಟ ಬರೆದಿಡುವ, ಕಂಡದ್ದನ್ನೆಲ್ಲ ಲೆಕ್ಕ ಹಾಕುವ ಚಟ ಚಿಕ್ಕಂದಿನಿಂದಲೂ ಇದೆ. ಡಿಪ್ಲೊಮಾ ಮುಗಿಸಿ ರಾಂಪುರದ ಆಚೆಗಿರುವ ಫಿಲ್ಟರ್ ಹೌಸಿನಲ್ಲಿ ಆಪರೇಟರ್ ಆಗಿ ಸೇರಿದೆ. ಮೇಡಂ ಅಲ್ಲಿನ ಎಂಜಿನಿಯರ್. ಅವರ ಹೆಸರು ಬರೆಯುವುದಿಲ್ಲ. ಹೆಸರು ಎಲ್ಲಾದರೂ ಅಚ್ಚಾದರೆ ಅದನ್ನು ಹಿಡಿದು ಯಾರು ಏನು ಮಾಡುತ್ತಾರೋ ಎಂಬ ಭಯ ಅವರಿಗೆ ಕೊನೆಯವರೆಗೂ ಇತ್ತು.

ನಮ್ಮ ಫಿಲ್ಟರ್ ಹೌಸಿಗೆ ದೂರದ ಹಿನ್ನೀರಿನಿಂದ ನೀರು ಬರುತ್ತದೆ. ಅದನ್ನು ಶುದ್ಧ ಮಾಡಿ ರಾಂಪುರ, ದೇವಸಮುದ್ರ, ಸಿದ್ದಾಪುರ ಕಡೆಯ ಹಳ್ಳಿಗಳ ಟ್ಯಾಂಕುಗಳಿಗೆ ಏರಿಸುತ್ತೇವೆ. ಮೊದಲು ಈ ಕಡೆ ಎಲ್ಲರೂ ಬೋರಿನ ನೀರು ಕುಡಿಯುತ್ತಿದ್ದರು, ಮಕ್ಕಳ ಹಲ್ಲು ಹಳದಿಯಾಗುತ್ತಿತ್ತು. ಈ ನೀರು ಬಂದ ಮೇಲೆ ಬೋರುಗಳನ್ನು ಕೇಳುವವರಿಲ್ಲ, ಎಷ್ಟೋ ಮೋಟಾರುಗಳನ್ನು ಬಿಚ್ಚಿಕೊಂಡು ಹೋಗಿದ್ದಾರೆ. ಅಂದರೆ ನಮ್ಮ ಪೈಪು ನಿಂತರೆ ಕುಡಿಯಲು ಬೇರೆ ನೀರಿಲ್ಲ. ಪಂಪು, ವಾಲ್ವು, ಕ್ಲೋರಿನ್ ಎಲ್ಲವೂ ಒಂದು ಕಂಪ್ಯೂಟರ್ ಪರದೆಯ ಮೇಲೆ. ಅದೇ ಪರದೆ ಜಿಲ್ಲಾ ಕಚೇರಿಯಲ್ಲೂ ಕಾಣುತ್ತಿತ್ತು, ನಿರ್ವಹಣೆಯ ಗುತ್ತಿಗೆ ಹಿಡಿದಿದ್ದ ಹೊರರಾಜ್ಯದ ಕಂಪನಿಯಲ್ಲೂ ಕಾಣುತ್ತಿತ್ತು. ಅಷ್ಟು ದೂರದಿಂದ ನೋಡಬಹುದಾದದ್ದನ್ನು ಅಷ್ಟೇ ದೂರದಿಂದ ತಿರುಗಿಸಲೂ ಬಹುದು. ಮೇಡಂ ನಿದ್ದೆ ಕೆಡಿಸಿದ್ದು ಇದೊಂದೇ.

ಅವರು ಚಳ್ಳಕೆರೆಯ ಎಣ್ಣೆ ಗಿರಣಿಯ ಮನೆಯ ಮಗಳು. ಮದುವೆಯಾಗಿರಲಿಲ್ಲ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಚಪ್ಪಲಿಯ ಸದ್ದಿನಿಂದಲೇ ಅವತ್ತಿನ ಸಿಟ್ಟು ಎಷ್ಟು ಎಂದು ನಮಗೆ ತಿಳಿಯುತ್ತಿತ್ತು. ಟೀ ತರಿಸಿ ಅರ್ಧ ಕುಡಿದು ಮರೆಯುತ್ತಿದ್ದರು. ಹೊಗಳಿದ್ದು ನಾನು ಕಂಡಿಲ್ಲ. ಪಾಸ್‌ವರ್ಡ್ ಒತ್ತುವಾಗ ಪಕ್ಕದಲ್ಲಿ ನಿಂತವರನ್ನು ಗೋಡೆ ಕಡೆ ತಿರುಗಿ ನಿಲ್ಲಿಸುತ್ತಿದ್ದರು, ಒಮ್ಮೆ ತನಿಖೆಗೆ ಬಂದ ಅಧಿಕಾರಿಯನ್ನೂ ನಿಲ್ಲಿಸಿದ್ದರು. ಆತ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಾ ನಿಂತದ್ದನ್ನು ನೆನೆದು ನಾವು ತಿಂಗಳುಗಟ್ಟಲೆ ನಕ್ಕಿದ್ದೇವೆ.

ಬಂದ ತಕ್ಷಣ ಅವರು ಪರದೆ ನೋಡುತ್ತಿರಲಿಲ್ಲ. ಪೇಪರ್ ನೋಡುತ್ತಿದ್ದರು. ಮೊದಲ ಪುಟದಲ್ಲಿ ಸರ್ಕಾರ ಅಲ್ಲಾಡುತ್ತಿದೆಯೇ ಎಂದು, ಒಳಪುಟದಲ್ಲಿ ಶೇಂಗಾ ದರ ಎಷ್ಟು ಬಿದ್ದಿದೆ ಎಂದು, ಕೊನೆಗೆ ಯಾವ ಗುತ್ತಿಗೆದಾರರು ಬಿಲ್ಲಿಗಾಗಿ ಧರಣಿ ಕೂತಿದ್ದಾರೆ ಎಂದು. ಮೂರನ್ನೂ ಓದಿ ಆ ದಿನ ಬಾಗಿಲು ಎಷ್ಟು ತೆರೆಯಬೇಕೆಂದು ತೀರ್ಮಾನ. ಹೊರಗಿನ ಲೋಕಕ್ಕೆ ನಮ್ಮನ್ನು ಜೋಡಿಸುತ್ತಿದ್ದದ್ದು ಒಂದು ನೀಲಿ ಕೇಬಲ್. ದಿನ ಚೆನ್ನಾಗಿದ್ದರೆ ಅದು ಜಾಗದಲ್ಲಿರುತ್ತಿತ್ತು. ಸ್ವಲ್ಪ ಕೆಟ್ಟರೆ ಮಧ್ಯಾಹ್ನ ಒಂದು ಗಂಟೆ ಮಾತ್ರ. ಪೂರಾ ಕೆಟ್ಟರೆ ಕಿತ್ತು ತಮ್ಮ ಊಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಶೇಂಗಾ ಚಟ್ನಿಪುಡಿಯ ಡಬ್ಬಿಯ ಜೊತೆ ಇದ್ದೂ ಇದ್ದೂ ಆ ಕೇಬಲ್ಲಿಗೆ ಬೆಳ್ಳುಳ್ಳಿ ವಾಸನೆ ಹತ್ತಿತ್ತು.

ಇದೇನು ಮೇಡಂ, ದಿನಕ್ಕೊಂದು ನಿಯಮ ಎಂದು ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ.

"ನಿಮ್ಮ ಮನೆ ಬಾಗಿಲು ದಿನಾ ಒಂದೇ ತರ ಹಾಕ್ತೀರೇನೇ? ಊರಾಗೆ ಹೊಡೆದಾಟ ಆದ ದಿನ ಅಗಳಿ ಹಿಂದೆ ಒನಕೆನೂ ಇಡಲ್ವಾ?" ಎಂದರು. ಸಂಬಳ ನಿಂತವರು, ಸಿಟ್ಟಿಗೆದ್ದವರು, ಮೇಲಿನವರು ಯಾರೆಂದು ಗೊತ್ತಿಲ್ಲದೆ ಕೂತವರು ಹೆಚ್ಚಾದಷ್ಟೂ ಬಾಗಿಲು ತಟ್ಟುವವರೂ ಹೆಚ್ಚು ಎಂಬುದು ಅವರ ಲೆಕ್ಕ. ನಾನು ಸೇರಿ ಕೆಲವು ವರ್ಷಗಳಾದ ಮೇಲೆ, ಒಂದು ವರ್ಷ, ಅವರು ಕೇಬಲ್ ಕಿತ್ತ ದಿನಗಳಿಗೆ ನಾನು ಡೈರಿಯಲ್ಲಿ ಗೀಟು ಹಾಕುತ್ತಾ ಬಂದೆ. ಬೇಸಿಗೆಯ ಹೊತ್ತಿಗೆ ಗೀಟಿಲ್ಲದ ಪುಟವೇ ಅಪರೂಪವಾಗಿತ್ತು. ಶಾಸಕರು ಆ ಕಡೆ ಈ ಕಡೆ ಓಡುತ್ತಿದ್ದ ದಿನಗಳು. ಕಂಪನಿಗೆ ಬಿಲ್ಲು ಬಂದಿರಲಿಲ್ಲ. ದೇವಸಮುದ್ರದ ದಾರಿಯ ಪೈಪಿನ ಜಾಯಿಂಟ್ ಬಿಚ್ಚಿ ರಿಪೇರಿ ಮಾಡುತ್ತಿದ್ದ ಅವರ ಹುಡುಗರು ಅದನ್ನು ಹಾಗೇ ಅರ್ಧಕ್ಕೆ ಬಿಗಿದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಅವರೆಲ್ಲರ ಬಳಿ ನಮ್ಮ ಪರದೆಯ ಪಾಸ್‌ವರ್ಡ್ ಇತ್ತು, ಎಲ್ಲರಿಗೂ ಸೇರಿ ಒಂದೇ. ಬದಲಾಯಿಸೋಣ ಎಂದು ಮೇಡಂ ವರ್ಷಗಳ ಹಿಂದೆಯೇ ಬರೆದಾಗ, ಒಪ್ಪಂದ ಮುಗಿಯುವವರೆಗೆ ಕಂಪನಿಯ ಖಾತೆ ಮುಟ್ಟಬಾರದೆಂದು ಮೇಲಿನಿಂದ ಉತ್ತರ ಬಂದಿತ್ತು.

ಮುಟ್ಟಬಾರದು ಎಂದಾಗ ಅವರು ಮಾಡಿದ್ದು, ಕಂಪ್ಯೂಟರ್ ಇಲ್ಲದೆ ನೀರು ಬಿಡುವುದನ್ನು ಕಲಿಸಿದ್ದು. ಇದಕ್ಕೆ ಅವರು ಹಿಡಿದ ದಾರಿ ಆಯುಧಪೂಜೆ. ಪೂಜೆಗೆ ಇಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟಬಾರದಲ್ಲ. ಮೇಡಂ ಪರದೆಗೆ ಕುಂಕುಮ ಹಚ್ಚಿ ಹೂ ಏರಿಸಿ, ಇನ್ನು ನಾಳೆ ಬೆಳಗಿನವರೆಗೆ ಯಾರೂ ಮುಟ್ಟುವ ಹಾಗಿಲ್ಲ ಎನ್ನುತ್ತಿದ್ದರು. ಹಳ್ಳಿಗಳಿಗೆ ನೀರು ಬಿಡುವ ನೀರುಗಂಟಿಗಳೆಲ್ಲ ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ವಾಲ್ವ್ ಗುಂಡಿಗಳಲ್ಲಿ ಇಳಿದು ಕೈಯಲ್ಲೇ ತಿರುಗಿಸಬೇಕು. ಮೊದಲ ವರ್ಷ ಎರಡು ಊರಿಗೆ ನೀರು ಹೋಗಲಿಲ್ಲ, ಒಂದು ಊರಿನಲ್ಲಿ ಟ್ಯಾಂಕು ತುಂಬಿ ಬೀದಿಗೆ ಹರಿಯಿತು. ಆಮೇಲೆ ಕೈ ಪಳಗಿತು. ಕಾಲ ಕೆಟ್ಟಂತೆಲ್ಲ ಆ ಹಬ್ಬ ಆಷಾಢದಲ್ಲೂ ಬಂತು, ಮಾಘದಲ್ಲೂ ಬಂತು.

"ಮೇಡಂ, ನಮ್ಮ ಕಂಪ್ಯೂಟ್ರಪ್ಪಂಗೆ ಈ ವರ್ಷ ಎಷ್ಟನೇ ಹಬ್ಬ ಇದು?" ಎಂದು ಕೇಳಿದವನು ಬೋರಯ್ಯ. ದೇವಸಮುದ್ರದ ಕಡೆಯ ನೀರುಗಂಟಿ. ಐವತ್ತರ ಆಸುಪಾಸು, ಎತ್ತರದ ಆಳು, ಮಾತಿಗೆ ಸದಾ ಮುಂದು. ಮೇಡಂಗೆ ಎದುರಾಡುವ ಧೈರ್ಯ ಇದ್ದದ್ದು ಅವನೊಬ್ಬನಿಗೆ.

ಇನ್ನೊಂದು ಪಾಠ ಫೋನಿನದು. ಅವರ ತಂದೆಯ ಕಾಲದಲ್ಲಿ ಗಿರಣಿಗೆ ಫೋನ್ ಬಂದು, ಪರಿಚಯದ ವ್ಯಾಪಾರಿಯ ದನಿಯಲ್ಲಿ ಮಾತಾಡಿದವನೊಬ್ಬ ಒಂದು ಲಾರಿ ಎಣ್ಣೆ ಹೊಡೆದುಕೊಂಡು ಹೋಗಿದ್ದನಂತೆ. ಅಂದಿನಿಂದ ಆ ಮನೆಯಲ್ಲಿ ಯಾರು ಫೋನ್ ಮಾಡಿದರೂ ಇಡಿಸಿ, ಗೊತ್ತಿರುವ ನಂಬರಿಗೆ ತಾವೇ ಮಾಡುವುದು ರೂಢಿ. ಮೇಡಂ ಅದನ್ನು ನಮ್ಮ ಮೇಲೆ ಹೇರಿದರು. ಫೋನಿನಲ್ಲಿ ಯಾರು ಏನು ಹೇಳಿದರೂ, ಗೊತ್ತಿರುವ ನಂಬರಿಗೆ ತಿರುಗಿ ಮಾಡಿ ಖಾತ್ರಿಯಾಗುವವರೆಗೆ ಆ ಕೆಲಸ ಮಾಡಬಾರದು. ದನಿ ಗುರುತು ಸಿಕ್ಕರೂ ನಂಬಬಾರದು, ಈಗ ಯಾರ ದನಿಯನ್ನಾದರೂ ಕಂಪ್ಯೂಟರಿನಲ್ಲಿ ಮಾಡಬಹುದು. ಇದನ್ನು ಪರೀಕ್ಷೆ ಮಾಡಲು ಬೇರೆ ಬೇರೆ ನಂಬರುಗಳಿಂದ ಅವರೇ ಫೋನ್ ಮಾಡುತ್ತಿದ್ದರು. ಮೋಸ ಹೋದವರು ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು.

ಮೊದಲ ಪರೀಕ್ಷೆಯಲ್ಲಿ ಬಿದ್ದವನು ಬೋರಯ್ಯ. ಬಸ್‌ಸ್ಟ್ಯಾಂಡಿನ ಅಂಗಡಿಯವನ ಫೋನಿನಿಂದ ಮೇಡಂ ವಾಲ್ವ್ ತೆಗಿ ಅಂದರು, ಅವನು ತೆಗೆದ. ಮರುದಿನ ಎಲ್ಲರ ಮುಂದೆ ನಿಲ್ಲಿಸಿ ಮುಖ ಮೋರೆ ನೋಡದೆ ಬೈದರು. "ನಿಮ್ಮ ದನಿ ನನಗೆ ಗೊತ್ತಾಗಲ್ವಾ ಮೇಡಂ?" ಎಂದು ಅವನು ಗೊಣಗಿದ.

"ನನ್ನ ದನಿ ಅಂತ ತೆಗೆದ್ಯಲ್ಲ, ಅದೇ ತಪ್ಪು. ನಾನಲ್ಲಲೇ, ನಿಮ್ಮವ್ವ ಬಂದು ಹೇಳಿದ್ರೂ ಫೋನ್ ಇಡಬೇಕು."

ಮಂಡಕ್ಕಿ ಅವನೇ ಕೊಡಿಸಿದ. ಆಮೇಲೆ ಮೇಡಂ ಎಷ್ಟು ಸಲ ಬಲೆ ಬೀಸಿದರೂ ಅವನು ಬೀಳಲಿಲ್ಲ. ಪ್ರತಿ ಸಲ ತಿರುಗಿ ಫೋನ್ ಮಾಡಿ, ಯಾವಾಗ ಕೊಡಿಸ್ತೀರಿ ಮೇಡಂ ಮಂಡಕ್ಕಿ ಎಂದು ಕಾಡುತ್ತಿದ್ದ. ಮೇಡಂ ಮುಖದಲ್ಲಿ ನಗು ಬರುತ್ತಿದ್ದದ್ದು ಆಗ ಮಾತ್ರ.

ಡೈರಿ ತುಂಬ ಗೀಟು ಬಿದ್ದ ಆ ಬೇಸಿಗೆಯಲ್ಲಿ ಹೊಸ ಆದೇಶ ಬಂತು. ದುಡ್ಡಿಲ್ಲದ ಕಾಲ, ಸುಳ್ಳು ಬಿಲ್ಲು ತಡೆಯಬೇಕು, ಆದ್ದರಿಂದ ಜಿಲ್ಲಾ ಕಚೇರಿಯ ಪರದೆಯಲ್ಲಿ ನೀರು ಹರಿಯುವುದು ಹಗಲೆಲ್ಲ ಕಂಡರೆ ಮಾತ್ರ ಗುತ್ತಿಗೆ ನೌಕರರ ಸಂಬಳ ಎಂದು. ಕೇಬಲ್ ಇಲ್ಲದಿದ್ದರೆ ಅಲ್ಲಿ ಏನೂ ಕಾಣದು. ಮೇಡಂ ಒಂದು ವಾರ ಬಗ್ಗಲಿಲ್ಲ. ಹಾಳೆಯ ಮೇಲೆ ನೀರಿನ ಲೆಕ್ಕ ಬರೆದು ಕಳಿಸಿದರು, ತಿರುಗಿ ಬಂತು. ಕಂಪನಿಯ ಖಾತೆ ಮುಚ್ಚಿಸಿ, ಆಗ ತೆರೆಯುತ್ತೇನೆ ಎಂದು ಬರೆದರು, ಉತ್ತರವೇ ಬರಲಿಲ್ಲ. ಆಮೇಲೆ ನೀರುಗಂಟಿಗಳು ಬಂದು ಬಾಗಿಲಲ್ಲಿ ನಿಂತರು. ಮಾತಾಡಿದವನು ಬೋರಯ್ಯನೇ.

"ವೈರು ಹಾಕ್ರಿ ಮೇಡಂ. ನಾವೇನು ಗಾಳಿ ಕುಡಿದು ವಾಲು ತಿರುಗಿಸಬೇಕಾ?"

"ಹಾಕಿದ್ರೆ ಯಾರು ಒಳಗೆ ಬರ್ತಾರೋ ಗೊತ್ತಿಲ್ಲ ಕಣೋ."

"ಯಾರೋ ಬರಬೌದು. ಬರದೆನೂ ಇರಬೌದು. ಸಂಬಳ ಮಾತ್ರ ಬರ್ತಾ ಇಲ್ಲ, ಅದು ಗ್ಯಾರಂಟಿ ಐತೆ."

ಮೇಡಂ ಊಟದ ಚೀಲದಿಂದ ಕೇಬಲ್ ತೆಗೆದು, ಸೆರಗಿನಿಂದ ಒರೆಸಿ, ಜಾಗಕ್ಕೆ ಹಾಕಿದರು. ಅವತ್ತಿನ ಪೇಪರಿನ ಮೊದಲ ಪುಟದಲ್ಲಿ ಸರ್ಕಾರ ಬಹುಮತ ಕಳೆದುಕೊಂಡ ಸುದ್ದಿಯಿತ್ತು. ಅವರ ಲೆಕ್ಕದಲ್ಲಿ ಅದು ಕಿತ್ತಿಡಬೇಕಾದ ದಿನ. ನಾನು ಡೈರಿಯಲ್ಲಿ ಗೀಟು ಹಾಕಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಬೋರಯ್ಯನ ಫೋನ್ ಬಂತು. "ಮೇಡಂ, ಇಲ್ಲಿ ವಾಲು ತಾನೇ ತಿರುಗ್ತಾ ಐತೆ. ಮುಚ್ಕೊಳ್ತಾ ಐತೆ." ಪರದೆಯಲ್ಲಿ ಆ ವಾಲ್ವ್ ಪೂರ್ತಿ ತೆರೆದಿರುವುದಾಗಿ ಹಸಿರು ದೀಪ. ಮೇಡಂ ಒಮ್ಮೆ ಅದನ್ನು ನೋಡಿದರು, ಒಮ್ಮೆ ಕಿಟಕಿಯಾಚೆಯ ಪಂಪಿಗಿದ್ದ ಮುಳ್ಳಿನ ಮೀಟರು ನೋಡಿದರು. ನೀರಿಗೆ ದಾರಿ ಮುಚ್ಚಿ ಪೈಪಿನಲ್ಲಿ ಒತ್ತಡ ಏರುತ್ತಿತ್ತು, ಪರದೆ ಸುಳ್ಳು ಹೇಳುತ್ತಿತ್ತು. "ಮೋಟಾರ್ ಕ್ಲಚ್ ಬಿಡಿಸಿ ಒಳಗಿಳಿ, ಕೈಯಲ್ಲಿ ತೆಗಿ" ಎಂದರು. ಮೊದಲು ಮಾಡಿದವನು ತಾನೇ ಆದರೂ ಬೋರಯ್ಯ ಫೋನ್ ಇಟ್ಟು ಅವರ ನಂಬರಿಗೆ ತಿರುಗಿ ಮಾಡಿ, ಅದನ್ನೇ ಮತ್ತೆ ಕೇಳಿಸಿಕೊಂಡು, ಇಳಿದ. ಹಬ್ಬಗಳಲ್ಲಿ ಕಲಿತದ್ದು ಅದೇ.

ಮೇಡಂ ಕೇಬಲ್ ಕಿತ್ತು ಎಸೆದರು. ಪಂಪುಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿದರೆ ನೀರು ಹಿಂದಕ್ಕೆ ಗುದ್ದಿ ಪೈಪು ಒಡೆಯುತ್ತದೆ, ಒಂದೊಂದಾಗಿ ನಿಲ್ಲಿಸಬೇಕು. ನನ್ನ ಜೊತೆಯ ಆಪರೇಟರ್ ಪಂಪ್ ಹಾಲಿಗೆ ಓಡಿದ. ಅಷ್ಟರಲ್ಲಿ ಮೇಡಂ ಫೋನ್ ಮತ್ತೆ ಬಡಿಯಿತು. ಜಿಲ್ಲಾ ಕಚೇರಿಯ ಮೇಲಧಿಕಾರಿ. ಅಲ್ಲಿ ಪರದೆ ಕಪ್ಪಾಗಿತ್ತು, ದೊಡ್ಡವರ ಸಭೆ ನಡೆಯುತ್ತಿತ್ತು, ಈಗಿಂದೀಗ ಕೇಬಲ್ ಹಾಕಬೇಕು ಎಂದು ಆತ ಕೂಗುತ್ತಿದ್ದದ್ದು ನನಗೂ ಕೇಳುತ್ತಿತ್ತು. ಮೇಡಂ ಉತ್ತರಿಸುತ್ತಿರುವಾಗಲೇ ಮೀಟರಿನ ಮುಳ್ಳು ಕೆಂಪು ದಾಟಿತು. ಅವರಿಗೆ ಆ ಅರ್ಧ ಬಿಗಿದ ಜಾಯಿಂಟ್ ನೆನಪಾಗಿರಬೇಕು. ಅದು ಇದ್ದದ್ದು ಬೋರಯ್ಯ ಇಳಿದಿದ್ದ ಗುಂಡಿಯಲ್ಲೇ. ಮಾತಾಡುತ್ತಿದ್ದ ಫೋನನ್ನು ಮೇಜಿನ ಮೇಲಿಟ್ಟು ನನ್ನ ಫೋನ್ ಕಿತ್ತುಕೊಂಡರು. ಆಫೀಸಿನಿಂದ ಕೊಟ್ಟಿದ್ದ ಸಿಮ್ಮು ಬಿಲ್ಲು ಕಟ್ಟದೆ ಬಂದ್ ಆಗಿದ್ದರಿಂದ ನಾನು ಆ ವಾರವಷ್ಟೇ ಹೊಸ ನಂಬರ್ ತೆಗೆದುಕೊಂಡಿದ್ದೆ.

"ಬೋರಯ್ಯ, ಬಿಟ್ಟು ಹೊರಗೆ ಬಾ. ಈಗಲೇ ಬಾ."

ಆ ಕಡೆಯಿಂದ ನೀರಿನ ಸದ್ದಿನ ನಡುವೆ ಅವನ ದನಿ. ಅದರಲ್ಲಿ ಸ್ವಲ್ಪ ನಗುವೂ ಇತ್ತು ಎಂದು ನನಗನ್ನಿಸಿದೆ. "ಯಾರ ನಂಬರ್ ಇದು? ಫೋನ್ ಇಡ್ರಿ. ಮೇಡಂಗೆ ನಾನೇ ಮಾಡ್ತೀನಿ."

ಮೇಜಿನ ಮೇಲಿದ್ದ ಫೋನಿನಲ್ಲಿ ಮೇಲಧಿಕಾರಿ ಇನ್ನೂ ಮಾತಾಡುತ್ತಲೇ ಇದ್ದರು. ಅವರ ಹೆಸರಿನ ಕೆಳಗೆ ಬೋರಯ್ಯನ ಹೆಸರು ಮಿನುಗಿತು. ಮೇಡಂ ಹಾರಿ ಬಂದು ಮೇಲಧಿಕಾರಿಯನ್ನು ಕತ್ತರಿಸುವಷ್ಟರಲ್ಲಿ ಆ ಹೆಸರೂ ಹೋಯಿತು. ತಿರುಗಿ ಮಾಡಿದರೆ ರಿಂಗಾಯಿತು. ರಿಂಗಾಗುತ್ತಲೇ ಇತ್ತು.

ವಾಲ್ವ್ ಅವನು ಮುಕ್ಕಾಲು ತೆಗೆದಿದ್ದ. ಅದರಿಂದ ದೊಡ್ಡ ಪೈಪು ಉಳಿಯಿತು, ಎರಡು ದಿನದಲ್ಲಿ ಎಲ್ಲ ಊರುಗಳಿಗೂ ನೀರು ಹೋಯಿತು. ಜಾಯಿಂಟ್ ಮಾತ್ರ ಕಿತ್ತುಬಂದಿತ್ತು.

ಒಳಗೆ ಬಂದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಬಂದದ್ದು ಕಂಪನಿಯ ಆ ಹಳೆಯ ಖಾತೆಯಿಂದ, ಅಷ್ಟೇ ತಿಳಿಯಿತು. ಸಂಬಳ ಸಿಗದ ಹುಡುಗನೋ, ಅವನಿಂದ ಪಾಸ್‌ವರ್ಡ್ ಕೊಂಡವರೋ, ದೇಶದ ಹೊರಗಿನವರೋ. ಹೊಸ ಸರ್ಕಾರ ಬಂತು, ಅಧಿಕಾರಿಗಳು ಬದಲಾದರು, ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು. ಕೊನೆಗೆ ಉಳಿದದ್ದು ಒಂದೇ ವಾಕ್ಯ: ಮೇಲಿನವರು ಹೊರಗೆ ಬಾ ಎಂದರೂ ನೀರುಗಂಟಿ ಬರಲಿಲ್ಲ, ಆಜ್ಞೆ ಮೀರಿ ಸತ್ತ, ಆದ್ದರಿಂದ ಅವನ ಹೆಂಡತಿಗೆ ಪರಿಹಾರ ಇಲ್ಲ.

ಮೇಡಂ ವಿಚಾರಣೆಗೆ ಹೋದ ದಿನ ಜೊತೆಗೆ ನಾನಿದ್ದೆ. ಸುಮ್ಮನಿದ್ದಿದ್ದರೆ ಅವರಿಗೇನೂ ಆಗುತ್ತಿರಲಿಲ್ಲ, ನಿವೃತ್ತಿ ಹತ್ತಿರದಲ್ಲಿತ್ತು. ಅವರು ಕೂರಲಿಲ್ಲ. ನಿಂತೇ ಹೇಳಿದರು. ಗೊತ್ತಿಲ್ಲದ ನಂಬರಿನಿಂದ ನನ್ನ ದನಿ ಬಂದರೂ ಕೇಳಬೇಡ ಎಂದು ಆಜ್ಞೆ ಮಾಡಿದವಳು ನಾನು. ಅವನು ಅದನ್ನು ಮೀರಲಿಲ್ಲ. ಕೇಬಲ್ ಹಾಕಬಾರದ ದಿನ ಹಾಕಿದವಳೂ ನಾನೇ. ಇದನ್ನೇ ಬರೆದು ಸಹಿ ಮಾಡಿದರು. ಬೋರಯ್ಯನ ಹೆಂಡತಿ ಪಾಲಕ್ಕನಿಗೆ ಪರಿಹಾರ ಬಂತು, ಗಂಡನ ಕೆಲಸವೂ ಸಿಕ್ಕಿತು. ಮೇಡಂ ಅವರನ್ನು ಅಮಾನತು ಮಾಡಿದರು. ಅದೇ ಸ್ಥಿತಿಯಲ್ಲಿ ನಿವೃತ್ತಿಯಾದರು, ಹಾರ ಹಾಕಲು ಯಾರೂ ಕರೆಯಲಿಲ್ಲ.

ಅಮಾನತಿನ ಪತ್ರ ಬಂದ ದಿನ, ಫಿಲ್ಟರ್ ಹೌಸಿನಲ್ಲಿ ಅವರ ಕೊನೆಯ ದಿನ, ನೀರುಗಂಟಿಗಳನ್ನೆಲ್ಲ ಕರೆಸಿದರು. ಬೈಯುವ ದನಿ ಇರಲಿಲ್ಲ. "ಒಂದು ಹೇಳೋದು ಬಿಟ್ಟಿದ್ದೆ ನಿಮಗೆ. ಒಳಗೆ ಹೋಗು, ತೆಗಿ, ಮುಚ್ಚು ಅಂತ ಯಾರಂದ್ರೂ ಫೋನ್ ಇಟ್ಟು ತಿರುಗಿ ಮಾಡ್ರಿ. ಹೊರಗೆ ಬಾ ಅಂದ್ರೆ ಮಾತ್ರ ಯಾರು ಅಂತ ಕೇಳಬ್ಯಾಡ್ರಿ. ಕಳ್ಳ ಹೇಳಿದ್ರೂ ಬಂದ್ಬಿಡ್ರಿ. ನೀರು ಹೋದ್ರೆ ಹೋಗ್ಲಿ. ಬಂದ ಮ್ಯಾಲೆ ಕೇಳ್ರಿ." ಟೀ ಲೋಟ ಅವತ್ತೂ ಅರ್ಧವೇ ಉಳಿದಿತ್ತು.

ಚಳ್ಳಕೆರೆಯ ಅವರ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಅವರು ಪೇಪರ್ ಓದುವುದನ್ನು ಬಿಟ್ಟಿದ್ದರು. ಕೊನೆಯ ಸಲ ಹೋದಾಗ ಹುರಿದ ಶೇಂಗಾ ಮುಂದಿಟ್ಟು, ಕೇಳಿದರು.

"ಅವತ್ತು ನಾನು ಚೆನ್ನಾಗಿ ಬೈದಿದ್ರೆ, ನಾನೇ ಅಂತ ನಂಬ್ತಿದ್ನೇನೇ ಅವನು?"

ನಂಬುತ್ತಿದ್ದ ಎಂದರೆ ಬೈಯದೆ ಬಿಟ್ಟದ್ದು ಅವರನ್ನು ತಿನ್ನುತ್ತದೆ. ಇಲ್ಲ ಎಂದರೆ ಕಲಿಸಿದ್ದು ತಿನ್ನುತ್ತದೆ. ಗೊತ್ತಿದ್ದದ್ದನ್ನೇ ಹೇಳಿದೆ. "ಇಲ್ಲ ಮೇಡಂ. ನಂಬ್ತಿರಲಿಲ್ಲ."

"ಹೂಂ," ಎಂದರು. "ಒಳ್ಳೇ ಕಲಿತಿದ್ದ." ಶೇಂಗಾದ ತಟ್ಟೆಯನ್ನು ನನ್ನ ಕಡೆ ಸರಿಸಿ ಒಳಗೆ ಹೋದರು.

ಮಣ್ಣಿಗೆ ಪಾಲಕ್ಕ ಬಂದಿದ್ದಳು. ದೂರದಲ್ಲಿ ನಿಂತಿದ್ದಳು, ಅಳಲಿಲ್ಲ. ಹಿಡಿ ಮಣ್ಣು ಹಾಕಿ, ನೀರು ಬಿಡುವ ಹೊತ್ತಾಯಿತೆಂದು ಯಾರಿಗೂ ಹೇಳದೆ ಬಸ್ಸಿಗೆ ಹೋದಳು. ಕೆಲಸಕ್ಕೆ ಸೇರಿದ ದಿನ ಅವಳಿಗೆ ಮೇಡಂ ಕೊನೆಯ ದಿನ ಹೇಳಿದ ಮಾತನ್ನು ಹೇಳಿಕೊಟ್ಟವಳು ನಾನು. ತಲೆಯಾಡಿಸಿದ್ದಳು, ಅಷ್ಟೇ. ಮನಸ್ಸಿಗೆ ಇಳಿದಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೇಳಲು ಬಾಯಿ ಬಂದಿರಲಿಲ್ಲ.

ಈಗ ಪರೀಕ್ಷೆಯ ಫೋನುಗಳನ್ನು ಮಾಡುವವಳು ನಾನೇ. ಮಣ್ಣಾದ ಮರುದಿನ ಮಂಗಳವಾರ, ಪೇಪರಿನಲ್ಲಿ ಮತ್ತೆ ಕೆಟ್ಟ ಸುದ್ದಿ. ಕೇಬಲ್ ಕಿತ್ತಿಟ್ಟೆ. ಪಾಲಕ್ಕ ಹೊಸದಾಗಿ ಕಟ್ಟಿದ ಗುಂಡಿಗೆ ಇಳಿದಿರುವ ಹೊತ್ತು ನೋಡಿ, ಅವಳಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಮಾಡಿದೆ. ಹೆಸರು ಹೇಳಲಿಲ್ಲ. ಹೊರಗೆ ಬಾ ಎಂದಷ್ಟೇ ಅಂದೆ.

ಆ ಕಡೆಯಿಂದ ಕೀಲಿ ಕೆಳಗೆ ಬಿದ್ದ ಸದ್ದು. ಆಮೇಲೆ ಕಬ್ಬಿಣದ ಮೆಟ್ಟಿಲುಗಳ ಮೇಲೆ ಬಿರುಸಾಗಿ ಹೆಜ್ಜೆ. ಆಮೇಲೆ ಗಾಳಿ, ದೂರದಲ್ಲಿ ಕುರಿಗಳ ಕೂಗು, ಏದುಸಿರು.

"ಬಂದೀನಿ. ಮ್ಯಾಲೆ ನಿಂತೀನಿ," ಎಂದಳು ಪಾಲಕ್ಕ. "ಈಗ ಹೇಳ್ರಿ, ಯಾರು ನೀವು?"